ಬೇಲಿ ಹಣ್ಣುಗಳು: ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ

ಹೊಲದ ಒಡ್ಡು, ಗದ್ದೆಯ ಅಗಳ, ಊರ ದಾರಿಯ ಎರಡು ಬದಿ, ಹುಲ್ಲಿನ ಬೇಣ, ಹಳ್ಳದ ದಂಡೆ, ಕಾಡಿನ ಅಂಚು. ಇಲ್ಲೆಲ್ಲ ಯಾರೂ ನೆಡದೆ ಬೆಳೆದ ಮುಳ್ಳುಕಂಟಿ, ಬಳ್ಳಿ, ಗಿಡಮರಗಳಿಂದ ಜನ ಕಿತ್ತು ತಿನ್ನುವ ಹಣ್ಣುಗಳನ್ನು ಒಟ್ಟಾಗಿ ಬೇಲಿ ಹಣ್ಣು ಎನ್ನಬಹುದು. ಉತ್ತರ ಕನ್ನಡ ಜಿಲ್ಲೆಯ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಕವಳಿ, ಬಾರಿ, ಪರಗಿ, ಮುಳ್ಳುಹಣ್ಣು, ಸಳ್ಳೆ, ಹಣ್ಣುಸಂಪಿಗೆ, ನೇರಳೆ, ಮುರುಗಲು, ನೆಲ್ಲಿ ಇವುಗಳಲ್ಲಿ ಮುಖ್ಯವಾದವು. ತೋಟಗಾರಿಕೆಯ ಬೆಳೆ ಲೆಕ್ಕದಲ್ಲಿ ಇವು ಸಿಗುವುದಿಲ್ಲ. ಮುರುಗಲು, ನೆಲ್ಲಿಯಂಥ ಒಂದೆರಡನ್ನು ಬಿಟ್ಟರೆ ಕಿರು ಅರಣ್ಯ ಉತ್ಪನ್ನಗಳ ದೊಡ್ಡ ವ್ಯಾಪಾರದಲ್ಲೂ ಇವಕ್ಕೆ ಜಾಗವಿಲ್ಲ. ಆದರೆ ಯುಗಾದಿ ಕಳೆದು ಮಿರಗದ ಮಳೆ ಹಿಡಿಯುವವರೆಗೆ ಈ ಸೀಮೆಯ ಸಂತೆ, ಬಸ್ ನಿಲ್ದಾಣ, ರಸ್ತೆ ತಿರುವುಗಳಲ್ಲಿ ಬುಟ್ಟಿ ಇಟ್ಟುಕೊಂಡು ಕೂತ ಹೆಂಗಸರ ಮುಂದೆ ಇರುವುದು ಇವುಗಳಲ್ಲಿ ಹೆಚ್ಚಿನವೇ. ಹಳ್ಳಿಯ ಮಕ್ಕಳಿಗಂತೂ ಬೇಸಿಗೆ ರಜೆಯ ಅರ್ಧ ಹೊಟ್ಟೆ ತುಂಬುವುದು ಕಂಟಿಗಳ ನಡುವೆಯೇ.

ನೆಲ, ಮಳೆ, ಮಾತು

ಈ ನಾಲ್ಕು ತಾಲ್ಲೂಕುಗಳು ಜಿಲ್ಲೆಯ ಘಟ್ಟದ ಮೇಲಿನ ಭಾಗಕ್ಕೆ ಸೇರಿದವು. ದಾಂಡೇಲಿ ಮೊದಲು ಹಳಿಯಾಳ ತಾಲ್ಲೂಕಿನಲ್ಲೇ ಇತ್ತು, 2018ರಲ್ಲಿ ಬೇರೆಯಾಯಿತು. ಜೋಯಿಡಾಕ್ಕೆ ಹಳೆಯ ಹೆಸರು ಸೂಪಾ. ಗಣೇಶಗುಡಿಯಲ್ಲಿ ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ನೀರಿನಲ್ಲಿ ಸೂಪಾ ಪೇಟೆ ಮುಳುಗಿದ ಮೇಲೆ ತಾಲ್ಲೂಕು ಕೇಂದ್ರ ಜೋಯಿಡಾಕ್ಕೆ ಬಂತು. ಸಹ್ಯಾದ್ರಿಯ ನೆತ್ತಿಯ ಮೇಲಿರುವ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ 5000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅಲ್ಲಿಂದ ನೇರ ಪೂರ್ವಕ್ಕೆ ಐವತ್ತು ಕಿಲೋಮೀಟರಿನೊಳಗೇ ಇರುವ ಹಳಿಯಾಳದಲ್ಲಿ ಅದರ ಕಾಲು ಭಾಗದಷ್ಟೂ ಬರುವುದು ಕಷ್ಟ. ಮುಂಡಗೋಡ ಇನ್ನೂ ಬಯಲಿನ ಕಡೆ ಚಾಚಿಕೊಂಡು ಹಾನಗಲ್ಲ, ಶಿಗ್ಗಾಂವಿಗೆ ತಾಗುತ್ತದೆ.

ಇಷ್ಟು ಚಿಕ್ಕ ನೆಲದಲ್ಲಿ ಮಳೆ ಹೀಗೆ ಇಳಿಯುವುದರಿಂದ ಹಣ್ಣುಗಳೂ ಬದಲಾಗುತ್ತ ಹೋಗುತ್ತವೆ. ಅಣಶಿ, ಕ್ಯಾಸಲ್‌ರಾಕ್ ಕಡೆಯ ನಿತ್ಯಹಸಿರು ಕಾಡಿನಲ್ಲಿ ಮುರುಗಲು, ಉಪ್ಪಾಗೆ, ವಾಟೆ ಹೆಚ್ಚು. ದಾಂಡೇಲಿಯ ಸಾಗವಾನಿ, ಮತ್ತಿ, ಬಿದಿರಿನ ಕಾಡಿನಲ್ಲಿ ನೇರಳೆ, ನೆಲ್ಲಿ, ದಡಸಲು, ನುರುಕಲು. ಹಳಿಯಾಳ, ಮುಂಡಗೋಡದಲ್ಲಿ ಭತ್ತ, ಗೋವಿನಜೋಳ, ಕಬ್ಬಿನ ಹೊಲಗಳ ನಡುವೆ ಕವಳಿ, ಬಾರಿ, ಪರಗಿಯ ರಾಜ್ಯ. ದಟ್ಟ ಕಾಡಿನ ನೆರಳಿನಲ್ಲಿ ಕವಳಿ ಬದುಕಿದರೂ ಸರಿಯಾಗಿ ಹಣ್ಣು ಬಿಡುವುದಿಲ್ಲ. ಅದಕ್ಕೆ ಬಿಸಿಲು ಬೇಕು, ದನ ಬಾಯಿ ಹಾಕದ ಮುಳ್ಳಿನ ಆಸರೆ ಬೇಕು. ರೈತ ಕಾಡು ಕಡಿದು ಹೊಲ ಮಾಡಿದಾಗ ಹುಟ್ಟಿದ ಅಂಚಿನಲ್ಲಿ ಇವೆರಡೂ ಒಟ್ಟಿಗೆ ಸಿಕ್ಕವು. ಆದ್ದರಿಂದ ಬೇಲಿ ಹಣ್ಣುಗಳನ್ನು ಕಾಡಿನ ಕೊಡುಗೆ ಎಂದು ಮಾತ್ರ ಹೇಳಿದರೆ ಅರ್ಧ ಸತ್ಯವಾಗುತ್ತದೆ. ಉಳಿದರ್ಧ ಒಕ್ಕಲುತನದ ಕೊಡುಗೆ.

ಇಲ್ಲಿನ ಜನರೂ ಬಗೆಬಗೆಯವರು. ಜೋಯಿಡಾದಲ್ಲಿ ಕೊಂಕಣಿ ಮಾತನಾಡುವ ಕುಣಬಿಗಳು, ಕಾಡಂಚಿನಲ್ಲಿ ಎಮ್ಮೆ ಸಾಕುವ ಗೌಳಿಗರು, ಹಳಿಯಾಳ ಮತ್ತು ಮುಂಡಗೋಡದಲ್ಲಿ ಸಿದ್ದಿಗಳು, ಹಳಿಯಾಳದಲ್ಲಿ ಮರಾಠರು, ಎಲ್ಲೆಡೆ ಕನ್ನಡದ ಒಕ್ಕಲುಗಳು. 1966ರಿಂದ ಮುಂಡಗೋಡದಲ್ಲಿ ಟಿಬೆಟಿಯನ್ನರ ಊರುಗಳೂ ಇವೆ. ಹಾಗಾಗಿ ಒಂದೇ ಸಂತೆಯಲ್ಲಿ ಒಂದೇ ಬುಟ್ಟಿಯ ಹಣ್ಣನ್ನು ಒಬ್ಬರು ಕವಳಿ ಎಂದು ಕೇಳಿದರೆ ಇನ್ನೊಬ್ಬರು ಕರವಂದ ಎಂದು ಕೇಳುತ್ತಾರೆ.

ಬೇಲಿ

ಈ ಸೀಮೆಯಲ್ಲಿ ಬೇಲಿ ಹಲವು ಬಗೆ. ಹೊಲದ ಸುತ್ತ ಅಗಳ ತೋಡಿ, ಅದರ ಮಣ್ಣನ್ನು ಒಳಬದಿಗೆ ಏರಿಸಿ ಒಡ್ಡು ಮಾಡಿ, ಒಡ್ಡಿನ ಮೇಲೆ ಬೆಳೆದದ್ದನ್ನು ಬೆಳೆಯಲು ಬಿಡುವುದು ಹಳೆಯ ಕ್ರಮ. ಬಾರಿ ಕಂಟಿ ಕಡಿದು ತಂದು ಒತ್ತೊತ್ತಾಗಿ ಹಾಸುವುದು ಒಂದೆರಡು ವರ್ಷ ಬಾಳುವ ಒಣ ಬೇಲಿ. ಜೋಯಿಡಾದ ಕಡೆ ಬಿದಿರಿನ ಗಳದ ಬೇಲಿ, ಹೋಗಿ ಬರಲು ಅಡ್ಡಗಳಗಳ ದಣಪೆ. ಹಿತ್ತಲಿಗೆ ಲಕ್ಕಿ, ಗೊಬ್ಬರದ ಗಿಡ, ಕಳ್ಳಿ, ಕಾಡಹರಳಿನ ಗೂಟಗಳನ್ನು ನೆಟ್ಟು ಚಿಗುರಿಸುವುದೂ ಉಂಟು. ಹಣ್ಣಿನ ದೃಷ್ಟಿಯಿಂದ ಇವುಗಳಲ್ಲಿ ಮೊದಲನೆಯದೇ ಶ್ರೇಷ್ಠ. ನೆಟ್ಟ ಬೇಲಿಯಲ್ಲಿ ಒಂದೇ ಜಾತಿಯ ಗಿಡ ಸಾಲಾಗಿ ನಿಂತಿರುತ್ತದೆ. ಹಳೆಯ ಒಡ್ಡಿನ ಮೇಲೆ ಕವಳಿಯ ಪಕ್ಕ ಪರಗಿ, ಅದರ ಮೇಲೆ ಹಬ್ಬಿದ ಕಾಡುತೊಂಡೆ, ನಡುವೆ ಒಂದು ನೇರಳೆಯ ಸಸಿ ಕಾಣುತ್ತದೆ.

ಇದನ್ನೆಲ್ಲ ಬಿತ್ತುವವು ಪಿಕಳಾರ, ಮಂಗಟ್ಟೆ, ಪುನುಗು ಬೆಕ್ಕು, ನರಿ, ಕರಡಿ. ಪಿಕಳಾರ ಒಂದು ಕಂಟಿಯಲ್ಲಿ ಹಣ್ಣು ತಿಂದು ಇನ್ನೊಂದರ ಮೇಲೆ ಕೂತು ಹಿಕ್ಕೆ ಹಾಕುತ್ತದೆ. ಕೆಳಗೆ ಬಿದ್ದ ಬೀಜಕ್ಕೆ ಮುಳ್ಳಿನ ಕಾವಲು ಸಿದ್ಧವಾಗಿರುತ್ತದೆ. ಹೀಗೆ ಕಂಟಿ ಇದ್ದಲ್ಲೇ ಕಂಟಿ ಹೆಚ್ಚುತ್ತದೆ, ಒಮ್ಮೆ ಬುಡಸಹಿತ ಕಿತ್ತ ಕಡೆ ತಾನಾಗಿ ಮರಳುವುದು ಬಹಳ ನಿಧಾನ.

ಮುಳ್ಳಿನ ಕಾವಲು ಎಷ್ಟು ಕೆಲಸ ಮಾಡುತ್ತದೆ ಎಂಬುದು ಇದೇ ಜಿಲ್ಲೆಯಲ್ಲಿ ಬಿದಿರಿನ ವಿಷಯದಲ್ಲಿ ಸ್ಪಷ್ಟವಾಯಿತು. ದಾಂಡೇಲಿಯ ಕಾಗದ ಕಾರ್ಖಾನೆಗೆ ಬಿದಿರು ಕಡಿಯುವಾಗ ಕೆಲಸ ಸಲೀಸಾಗಲೆಂದು ಮೆಳೆಯ ಬುಡದ ಮುಳ್ಳನ್ನು ಸವರಿ ಸ್ವಚ್ಛ ಮಾಡುತ್ತಿದ್ದರು. ಹಾಗೆ ಮಾಡಿದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆ ಎಂಬ ನಂಬಿಕೆಯೂ ಅರಣ್ಯ ಅಧಿಕಾರಿಗಳಿಗಿತ್ತು. 1970ರ ದಶಕದ ನಡುವಿನಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಾಧವ ಗಾಡ್ಗೀಳ್ ಮತ್ತು ಅವರ ಸಂಗಡಿಗರು ಇಲ್ಲಿನ ಬಿದಿರನ್ನು ಅಧ್ಯಯನ ಮಾಡಿದಾಗ, ಮುಳ್ಳು ಹೋದ ಮೆಳೆಯ ಎಳೆಯ ಕಳಲೆಗಳನ್ನು ದನಗಳೂ ಕಾಡುಪ್ರಾಣಿಗಳೂ ತಿಂದು ಮುಗಿಸುತ್ತಿದ್ದುದು ಕಂಡುಬಂತು. ಊರಿನವರು ಇದನ್ನೇ ಮೊದಲಿಂದ ಹೇಳುತ್ತಿದ್ದರು. ಬೇಲಿ ಹಣ್ಣುಗಳ ಕಥೆಯೂ ಇದಕ್ಕಿಂತ ಬೇರೆಯಲ್ಲ.

ಕವಳಿ

ಬೇಲಿ ಹಣ್ಣು ಎಂದಕೂಡಲೇ ಇಲ್ಲಿ ಮೊದಲು ನೆನಪಾಗುವುದು ಕವಳಿ. ಕರಾವಳಿಯಲ್ಲೂ ದಕ್ಷಿಣದಲ್ಲೂ ಇದಕ್ಕೆ ಕರಂಡೆ, ಕರ್ಜಿಕಾಯಿ ಮುಂತಾದ ಹೆಸರುಗಳಿವೆ, ಮರಾಠಿಯಲ್ಲಿ ಕರವಂದ. ಸಸ್ಯಶಾಸ್ತ್ರದಲ್ಲಿ ಇದು ಕ್ಯಾರಿಸ್ಸಾ ಕುಲ. ಸ್ವಲ್ಪ ದೊಡ್ಡ ಹಣ್ಣಿನ ಕ್ಯಾರಿಸ್ಸಾ ಕ್ಯಾರಂಡಾಸ್, ಬಟಾಣಿಯಷ್ಟೇ ಹಣ್ಣು ಬಿಡುವ ಒಣನೆಲದ ಕ್ಯಾರಿಸ್ಸಾ ಸ್ಪೈನೇರಮ್ ಎಂದು ಎರಡನ್ನು ಗುರುತಿಸುತ್ತಾರೆ. ಕಣಗಿಲೆಯ ಕುಟುಂಬವೇ ಇದರ ಕುಟುಂಬ. ಆ ಮನೆತನದ ಬಹಳಷ್ಟು ಗಿಡಗಳು ವಿಷದವು, ಎಲ್ಲಿ ಮುರಿದರೂ ಹಾಲು ಸುರಿಸುವಂಥವು. ಕವಳಿಯೂ ಹಾಲು ಸುರಿಸುತ್ತದೆ, ಆದರೆ ಹಣ್ಣು ನಿರಪಾಯ.

ಗಿಡ ಆಳೆತ್ತರ, ಕೆಲವೊಮ್ಮೆ ಮರಕ್ಕೆ ಆತುಕೊಂಡು ಇನ್ನೂ ಮೇಲೇರುತ್ತದೆ. ವರ್ಷವಿಡೀ ಹಸಿರು. ಎಲೆಗಳ ಬುಡದಲ್ಲಿ ಜೋಡಿ ಮುಳ್ಳು, ಒಮ್ಮೊಮ್ಮೆ ತುದಿಯಲ್ಲಿ ಕವಲೊಡೆದಿರುತ್ತದೆ. ಈ ಮುಳ್ಳು ಚುಚ್ಚಿದರೆ ಮುರಿದು ಒಳಗೇ ಉಳಿಯುತ್ತದೆ, ಎರಡು ದಿನ ನೋವು ತಪ್ಪದು. ಮಾಘ, ಫಾಲ್ಗುಣದಲ್ಲಿ ಮಲ್ಲಿಗೆಯಂಥ ಬಿಳಿ ಹೂ ಗೊಂಚಲಾಗಿ ಅರಳಿ ದಾರಿಯೆಲ್ಲ ಘಮಘಮಿಸುತ್ತದೆ. ಏಪ್ರಿಲ್ ಹೊತ್ತಿಗೆ ಹಸಿರು ಕಾಯಿ, ಮೇ ತಿಂಗಳಲ್ಲಿ ಕೆಂಪಾಗಿ ಕಪ್ಪಾಗುವ ಹಣ್ಣು. ಒಂದೇ ಗೊಂಚಲಿನಲ್ಲಿ ಮೂರು ಬಣ್ಣವೂ ಇರುವುದರಿಂದ ಒಂದೇ ಕಂಟಿಗೆ ವಾರಕ್ಕೆರಡು ಸಲ ಹೋಗಬೇಕಾಗುತ್ತದೆ. ಮೊದಲ ಅಡ್ಡಮಳೆ ಬಿದ್ದ ಮೇಲೆ ಹಣ್ಣು ಉಬ್ಬಿ ಸಿಹಿಯಾಗುತ್ತದೆ ಎಂಬುದು ಆರಿಸುವವರ ಅನುಭವ. ಮಳೆ ಹಿಡಿದರೆ ಮಾತ್ರ ಒಡೆದು ಹುಳ ಬೀಳುತ್ತದೆ.

ಹಣ್ಣು ತಿಂದ ಮೇಲೆ ತುಟಿ ಅಂಟುವುದು, ನಾಲಗೆ ಬಣ್ಣ ಬದಲಿಸುವುದು ಎಲ್ಲರಿಗೂ ಗೊತ್ತು. ಕೊಂಕಣ ಪಟ್ಟಿಯ ಮರಾಠಿ ಮಕ್ಕಳಿಗೆ ಇದರಲ್ಲೊಂದು ಆಟವೇ ಇದೆ: ಕಚ್ಚುವ ಮೊದಲು ಕೋಳಿಯೋ ಹುಂಜವೋ ಎಂದು ಕೇಳಬೇಕು, ಒಳಗೆ ಕೆಂಪಿದ್ದರೆ ಹುಂಜ, ಬಿಳಿಯಿದ್ದರೆ ಕೋಳಿ.

ಕಾಯಿಗೆ ಅಡುಗೆಮನೆಯಲ್ಲಿ ಹೆಚ್ಚು ಬೆಲೆ. ಸೀಳಿ ಉಪ್ಪು ನೀರಿನಲ್ಲಿ ಹಾಕಿಟ್ಟರೆ ಹಾಲಿನ ಅಂಟು ಬಿಡುತ್ತದೆ. ಆಮೇಲೆ ಖಾರ, ಸಾಸಿವೆ, ಎಣ್ಣೆ ಸೇರಿದ ಉಪ್ಪಿನಕಾಯಿ ವರ್ಷ ಬಾಳುತ್ತದೆ. ಹಸಿಮೆಣಸು, ಬೆಳ್ಳುಳ್ಳಿ, ಬೆಲ್ಲದ ಜೊತೆ ಅರೆದ ಕವಳಿಕಾಯಿ ಚಟ್ನಿ ರೊಟ್ಟಿಗೆ ಜೋಡಿ. ಹುಣಸೆಹಣ್ಣಿನ ಬದಲು ಇದನ್ನೇ ಸಾರಿಗೆ ಹಾಕುವ ಮನೆಗಳಿವೆ. ಕವಳಿಯಲ್ಲಿ ಪೆಕ್ಟಿನ್ ಧಾರಾಳವಾಗಿರುವುದರಿಂದ ಬೇರೇನೂ ಸೇರಿಸದೆ ಜಾಮ್, ಜೆಲ್ಲಿ ಗಟ್ಟಿಯಾಗುತ್ತದೆ. ಕಬ್ಬಿಣದ ಅಂಶ, ಸಿ ಜೀವಸತ್ವಕ್ಕೂ ಇದು ಹೆಸರಾಗಿದೆ.

ಬೇಕರಿಯ ಕೇಕು, ಬನ್ನುಗಳ ಮೇಲೆ ಕೂರಿಸುವ ಕೆಂಪು ಚೆರ್ರಿ ಭಾರತದಲ್ಲಿ ಬಹಳ ಸಲ ಕವಳಿಯೇ. ಬೀಜ ತೆಗೆದು, ಬಣ್ಣ ಕಟ್ಟಿ, ಸಕ್ಕರೆ ಪಾಕದಲ್ಲಿ ನೆನೆಸಿ ಅದನ್ನು ತಯಾರಿಸುತ್ತಾರೆ. ಇದಕ್ಕೆ ಹೊಂದುವ ದೊಡ್ಡ ಹಣ್ಣಿನ ತಳಿಗಳನ್ನು ಕೃಷಿ ವಿಶ್ವವಿದ್ಯಾಲಯಗಳು ಹೊರತಂದಿವೆ. ದಾಪೋಲಿಯ ಕೊಂಕಣ ಬೋಲ್ಡ್, ಪಂತನಗರದ ಪಂತ್ ಮನೋಹರ್, ಪಂತ್ ಸುದರ್ಶನ್ ಅಂಥವು. ಕಾರ್ಖಾನೆಗೆ ಅವು ಸರಿ. ರುಚಿಯಲ್ಲಿ ಒಡ್ಡಿನ ಮೇಲಿನ ಪುಟ್ಟ ಕರಿ ಹಣ್ಣಿನ ಹುಳಿಸಿಹಿಗೆ ಅವು ಸಾಟಿಯಾಗಲಾರವು.

ಬಾರಿ, ಪರಗಿ, ಮುಳ್ಳುಹಣ್ಣು

ಮೂರೂ ಜಿಜಿಫಸ್ ಕುಲದವು. ಬಾರಿ ಅಥವಾ ಬೋರೆ (ಜಿಜಿಫಸ್ ಮಾರಿಷಿಯಾನ) ಗಿಡವಾಗಿಯೂ ಮರವಾಗಿಯೂ ಬೆಳೆಯುತ್ತದೆ. ಪುಷ್ಯ, ಮಾಘದಲ್ಲಿ ಹಣ್ಣು. ಸಂಕ್ರಾಂತಿಯ ಹೊತ್ತಿಗೆ ಚಿಕ್ಕ ಮಕ್ಕಳನ್ನು ಮಣೆಯ ಮೇಲೆ ಕೂರಿಸಿ ಬಾರಿಹಣ್ಣು, ಕಬ್ಬಿನ ತುಂಡು, ಚುರುಮುರಿಯನ್ನು ತಲೆಯ ಮೇಲೆ ಎರೆಯುವ ಸಂಪ್ರದಾಯ ಉತ್ತರ ಕರ್ನಾಟಕದಲ್ಲೂ ಮರಾಠಿ ಮನೆಗಳಲ್ಲೂ ಇದೆ. ಅದಕ್ಕೆ ಬಳಸುವುದು ಅಂಗಡಿಯ ಸೇಬುಗಾತ್ರದ ಕಸಿ ಬೋರೆಯಲ್ಲ, ಈ ಗುಂಡು ಹುಳಿ ಬಾರಿ. ಒಣಗಿಸಿ ಕುಟ್ಟಿ ಉಪ್ಪು, ಬೆಲ್ಲ, ಜೀರಿಗೆ ಬೆರೆಸಿಟ್ಟರೆ ಬೇಸಿಗೆಯವರೆಗೆ ಮಕ್ಕಳ ಕೈತಿಂಡಿ.

ಪರಗಿ (ಜಿಜಿಫಸ್ ಈನೋಪ್ಲಿಯಾ) ಪೊದೆಗಳ ಮೇಲೆ ಹತ್ತಿ ಹರಡುವ ಮುಳ್ಳುಬಳ್ಳಿ. ಕೊಕ್ಕೆಯಂತೆ ಹಿಂದಕ್ಕೆ ಬಾಗಿದ ಮುಳ್ಳು ಅಂಗಿಗೆ ಸಿಕ್ಕರೆ ಹಿಂದೆ ಸರಿದು ಬಿಡಿಸಿಕೊಳ್ಳಬೇಕು, ಎಳೆದರೆ ಹರಿಯುತ್ತದೆ. ಹಣ್ಣು ಮೆಣಸಿನಕಾಳಿಗಿಂತ ಸ್ವಲ್ಪ ದೊಡ್ಡದು, ಹೊಳೆಯುವ ಕಪ್ಪು. ತಿರುಳು ಕಡಿಮೆ, ಬೀಜವೇ ಹೆಚ್ಚು. ಆದರೂ ಚಳಿಗಾಲದಲ್ಲಿ ದನ ಕಾಯುವ ಹುಡುಗರ ಜೇಬಿನಲ್ಲಿ ಇದಿಲ್ಲದೆ ಇರುತ್ತಿರಲಿಲ್ಲ.

ಮುಳ್ಳುಹಣ್ಣು (ಜಿಜಿಫಸ್ ರುಗೋಸ) ಮಳೆ ಹೆಚ್ಚಿರುವ ಜೋಯಿಡಾದ ಕಡೆಯದು. ಕೊಂಕಣಿಯಲ್ಲಿ ಚುರ್ನ. ಮಾರ್ಚಿನಿಂದ ಮೇವರೆಗೆ ಬಿಳಿ ಹಣ್ಣಿನ ಗೊಂಚಲುಗಳು ತೂಗುತ್ತವೆ. ಬಾಯಲ್ಲಿಟ್ಟರೆ ಹಿಟ್ಟಿನಂತೆ ಕರಗುವ ಸಪ್ಪೆಸಿಹಿ. ಇದರ ಜೊತೆಯಲ್ಲೇ ಅದೇ ಕಾಡಂಚಿನಲ್ಲಿ ಆಂಬಗುಳ ಎಂಬ ಹುಳಿಹಣ್ಣು ಸಿಗುತ್ತದೆ. ಮೇಲೆಲ್ಲ ಬೆಳ್ಳಿಚುಕ್ಕೆ ಇರುವ ಕೆಂಪು ಹಣ್ಣು ಅದು. ಉಪ್ಪು ಹಚ್ಚಿ ತಿನ್ನುತ್ತಾರೆ.

ಮಳೆಗೆ ಮೊದಲು, ಮಳೆಯ ನಂತರ

ಮೇ ಕೊನೆಯ ಹದಿನೈದು ದಿನ ಬೇಲಿಗಳ ಸುಗ್ಗಿ. ಸಳ್ಳೆ ಮರದ ಕೊಂಬೆಗೆ ಅಂಟಿಕೊಂಡ ಹಳದಿ ಕಾಯಿಯನ್ನು ಬೆರಳಲ್ಲಿ ಒತ್ತಿ ಒಡೆದರೆ ಒಳಗೆ ಬಿಳಿಯ ಸಿಹಿ ತಿರುಳು. ಹಣ್ಣುಸಂಪಿಗೆಯ ಕಾಂಡದಲ್ಲಿ ಗುಂಪುಗುಂಪು ಮುಳ್ಳು, ಹಣ್ಣು ಕಡುಗೆಂಪು, ರುಚಿ ಹುಳಿ ಬೆರೆತ ಸಿಹಿ. ಕುಂಟನೇರಳೆ ನೇರಳೆಯ ತಮ್ಮ, ಪೊದೆಯಂಥ ಗಿಡ, ಸಣ್ಣ ಹಣ್ಣು, ನೇರಳೆಗಿಂತ ಮೊದಲೇ ಮುಗಿಯುತ್ತದೆ. ನೇರಳೆ ಮಿರಗದ ಮಳೆಯ ಜೊತೆ ಉದುರುತ್ತದೆ. ಮರ ಹತ್ತಿ ಅಲುಗಿಸುವವರು ಒಬ್ಬರಾದರೆ ಕೆಳಗೆ ಹಳೆ ಸೀರೆ ಹಿಡಿಯುವವರು ನಾಲ್ವರು. ನೇರಳೆ ಬೀಜದ ಪುಡಿಯನ್ನು ಸಕ್ಕರೆ ಕಾಯಿಲೆಗೆ ಮನೆಮದ್ದಾಗಿ ತೆಗೆದುಕೊಳ್ಳುವ ರೂಢಿ ವ್ಯಾಪಕವಾಗಿದೆ, ಆದರೆ ಅದು ವೈದ್ಯರು ಕೊಟ್ಟ ಔಷಧಕ್ಕೆ ಬದಲಿಯಲ್ಲ.

ಮುರುಗಲು (ಗಾರ್ಸಿನಿಯಾ ಇಂಡಿಕಾ) ಬೇಲಿಗಿಂತ ಹಳ್ಳದ ದಂಡೆ, ತೋಟದ ಅಂಚಿನ ಮರ. ಜೋಯಿಡಾದ ಮನೆಗಳಲ್ಲಿ ಇದರಷ್ಟು ಬಳಕೆಯ ಕಾಡುಹಣ್ಣು ಬೇರೆ ಇಲ್ಲ. ಹೊರಸಿಪ್ಪೆಯನ್ನು ಹಣ್ಣಿನ ರಸದಲ್ಲೇ ಮತ್ತೆ ಮತ್ತೆ ಅದ್ದಿ ಒಣಗಿಸಿದರೆ ಸಾರಿಗೆ, ಮೀನಿನ ಪದಾರ್ಥಕ್ಕೆ ಹಾಕುವ ಸೋಲ. ಸಕ್ಕರೆ ಬೆರೆಸಿಟ್ಟರೆ ಪಾನಕ. ಬೀಜ ಕುಟ್ಟಿ ಕುದಿಸಿ ತೆಗೆದ ಮುರುಗಲ ತುಪ್ಪ ಒಡೆದ ಹಿಮ್ಮಡಿಗೆ, ಚಳಿಗೆ ಬಿರಿದ ತುಟಿಗೆ. ಹಣ್ಣಾಗುವ ಹೊತ್ತಿಗೆ ಸರಿಯಾಗಿ ಮಳೆ ಶುರುವಾಗುವುದು ಇದರ ಕಷ್ಟ. ಮುಂಗಾರು ಬೇಗ ಬಂದ ವರ್ಷ ಸಿಪ್ಪೆ ಒಣಗುವುದಿಲ್ಲ, ಅರ್ಧ ಬೆಳೆ ಮರದ ಬುಡದಲ್ಲೇ ಕೊಳೆಯುತ್ತದೆ.

ಮಳೆಗಾಲದಲ್ಲಿ ಬೇಲಿ ಕೊಡುವುದು ಹಣ್ಣಿಗಿಂತ ತರಕಾರಿ: ಮಡಹಾಗಲ, ಕಾಡುತೊಂಡೆ. ಮಳೆ ನಿಂತ ಮೇಲೆ ಗೋವಿನಜೋಳದ ಹೊಲದ ಬದುಗಳಲ್ಲಿ ಕಾಗದದಂಥ ಚೀಲದೊಳಗೆ ಗುಪ್ಪಟೆ ಹಣ್ಣು, ತಿಪ್ಪೆಯ ಬಳಿ ಗಣಿಕೆ. ಕಾರ್ತಿಕದಲ್ಲಿ ನೆಲ್ಲಿ. ತುಳಸಿ ಮದುವೆಯಂದು ಕಾಯಿ ಸಮೇತ ನೆಲ್ಲಿಯ ಟೊಂಗೆಯನ್ನು, ಹುಣಸೆಯ ಟೊಂಗೆಯ ಜೊತೆ ತುಳಸಿಕಟ್ಟೆಯಲ್ಲಿ ನೆಡುವುದರಿಂದ ಆ ವಾರ ಪೇಟೆಗೆ ನೆಲ್ಲಿ ಟೊಂಗೆ ಹೊರೆಹೊರೆಯಾಗಿ ಬರುತ್ತದೆ. ಕೇಪಳ, ನೆಕ್ಕರೆ, ಮುಂಡಗೋಡದ ಒಣಕಾಡಿನ ತುಮರಿ, ಇವೆಲ್ಲ ದಾರಿ ನಡೆಯುವಾಗ ಕಿತ್ತು ಬಾಯಿಗೆ ಹಾಕಿಕೊಳ್ಳುವಂಥವು.

ಮುಟ್ಟಬಾರದವು

ಅದೇ ಬೇಲಿಯಲ್ಲಿ ವಿಷವೂ ಇದೆ. ಕಾಡಹರಳಿನ ಬೀಜ ತಿನ್ನಲು ರುಚಿಯಾಗಿರುವುದೇ ಅಪಾಯ. ಮಕ್ಕಳು ಶೇಂಗಾದಂತೆ ತಿಂದು ವಾಂತಿಭೇದಿಯಿಂದ ಆಸ್ಪತ್ರೆ ಸೇರುವ ಪ್ರಕರಣಗಳು ನಾಡಿನಲ್ಲಿ ಮರಳಿ ಮರಳಿ ನಡೆಯುತ್ತವೆ. ಗುಲಗಂಜಿಯ ಕೆಂಪು ಕಪ್ಪು ಬೀಜವನ್ನು ಅಗಿದರೆ ಪ್ರಾಣಕ್ಕೆ ಕುತ್ತು. ಮದಗುಣಕಿಯ ಮುಳ್ಳುಕಾಯಿ, ಹರಳಿನ ಬೀಜ, ಲಂಟಾನದ ಹಸಿರು ಕಾಯಿ, ಬಲಿಯದ ಗಣಿಕೆ, ಇವೂ ಬೇಡ. ಕಾರೆ ಎಂಬ ಹೆಸರಿನಲ್ಲಿ ಎರಡು ಗಿಡಗಳಿವೆ. ಚಿಕ್ಕ ಹಳದಿ ಹಣ್ಣು ಬಿಡುವ ಕಾರೆಯನ್ನು ತಿನ್ನುತ್ತಾರೆ. ನಿಂಬೆಯಷ್ಟು ದಪ್ಪ ಕಾಯಿಯ ಮಂಗಾರೆ ಹಳ್ಳದಲ್ಲಿ ಮೀನಿಗೆ ಮತ್ತು ಬರಿಸಲು ಬಳಸುತ್ತಿದ್ದ ವಿಷ.

ಹಕ್ಕಿ ತಿಂದದ್ದನ್ನು ಮನುಷ್ಯ ತಿನ್ನಬಹುದು ಎಂಬ ಮಾತು ದಾಂಡೇಲಿಯಲ್ಲಂತೂ ನಿಲ್ಲುವುದಿಲ್ಲ. ಕಾಸರಕದ ಕಿತ್ತಳೆ ಬಣ್ಣದ ಹಣ್ಣನ್ನು ಮಂಗಟ್ಟೆಗಳು ಸಲೀಸಾಗಿ ತಿನ್ನುತ್ತವೆ. ಅದರ ಬೀಜದಲ್ಲಿರುವುದು ಸ್ಟ್ರಿಕ್ನಿನ್ ಎಂಬ ಕಡುವಿಷ. ಇಲ್ಲಿ ನಾಲ್ಕು ಜಾತಿಯ ಮಂಗಟ್ಟೆಗಳಿದ್ದು, ಅವುಗಳಿಗಾಗಿ 2011ರಲ್ಲಿ ದಾಂಡೇಲಿಯ ಸುತ್ತ ಸಂರಕ್ಷಣಾ ಮೀಸಲು ಪ್ರದೇಶ ಘೋಷಣೆಯಾಯಿತು.

ಆರಿಸುವವರು

ಹಣ್ಣು ಆರಿಸುವುದು ಬಹುತೇಕ ಹೆಂಗಸರ, ಮಕ್ಕಳ ಕೆಲಸ. ನಸುಕಿನಲ್ಲಿ ಹೊರಟು ಬಿಸಿಲೇರುವ ಮೊದಲು ಮರಳುತ್ತಾರೆ. ಕೈಯಲ್ಲಿ ಕೊಕ್ಕೆ ಕಟ್ಟಿದ ದೋಟಿ, ಸೊಂಟದಲ್ಲಿ ಚೀಲ ಅಥವಾ ಬುಟ್ಟಿ. ಕವಳಿಯನ್ನು ಒಂದೊಂದಾಗಿ ಕೈಯಿಂದಲೇ ಬಿಡಿಸಬೇಕು, ಬಡಿದರೆ ಕಾಯಿಯೂ ಉದುರುತ್ತದೆ. ಪೇಟೆಯಲ್ಲಿ ಮುತ್ತುಗದ ಇಲ್ಲವೆ ಸಾಗವಾನಿ ಎಲೆಯ ಕೊಟ್ಟೆಯಲ್ಲಿ, ಇತ್ತೀಚೆಗೆ ಗ್ಲಾಸಿನಿಂದ ಅಳೆದು ಕೊಡುತ್ತಾರೆ. ಹಳಿಯಾಳ, ಅಳ್ನಾವರ, ಖಾನಾಪುರ, ಲೋಂಡಾ ಕಡೆಯ ಕವಳಿ ಧಾರವಾಡ, ಹುಬ್ಬಳ್ಳಿ, ಬೆಳಗಾವಿಗಳ ಬೀದಿಗಳಿಗೆ ಬಸ್ಸು ರೈಲುಗಳಲ್ಲಿ ಬುಟ್ಟಿಯೊಂದಿಗೆ ಹೋಗುತ್ತದೆ. ಹಣ್ಣು ಹೆಚ್ಚು ದಿನ ತಡೆಯದು. ಸಂಜೆಯ ಬಸ್ಸಿಗೆ ಮೊದಲು ಬುಟ್ಟಿ ಖಾಲಿಯಾಗಬೇಕೆಂಬ ಅವಸರದಲ್ಲಿ ಬೆಲೆ ಕೊಳ್ಳುವವರ ಕೈಗೆ ಹೋಗುತ್ತದೆ. ಮುಳ್ಳು ಚುಚ್ಚಿಸಿಕೊಂಡು ಆರಿಸಿದ ಹಣ್ಣಿಗೆ ಚೌಕಾಸಿ ಮಾಡುವುದು ಸಣ್ಣತನ.

ಕೆಲಸದ ಅಪಾಯಗಳು ಬೇರೆ ಇವೆ. ಕವಳಿ, ನೇರಳೆ, ಬಾರಿ ಕರಡಿಗೂ ಪ್ರಿಯವಾದವು. ದಾಂಡೇಲಿ, ಜೋಯಿಡಾದಲ್ಲಿ ಒಂಟಿಯಾಗಿ ಹೋಗದೆ ಗುಂಪಾಗಿ ಮಾತನಾಡುತ್ತ ಹೋಗುವುದು ಅದಕ್ಕಾಗಿಯೇ. ಒಡ್ಡಿನ ಬಿಲಗಳಲ್ಲಿ ಹಾವು, ಮಾವು ನೇರಳೆಗಳ ಕೊಂಬೆಯಲ್ಲಿ ಚಗಳಿ ಇರುವೆಯ ಗೂಡು. ಆ ಚಗಳಿಯನ್ನೇ ಹುರಿದು ಚಟ್ನಿ ಮಾಡುವ ಮನೆಗಳೂ ಜೋಯಿಡಾದಲ್ಲಿವೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಉತ್ತರ ಕನ್ನಡಕ್ಕೂ ಹಬ್ಬಿದೆ. ಅದನ್ನು ಹರಡುವ ಉಣುಗು ಹೆಚ್ಚುವ ಕಾಲವೂ ಹಣ್ಣಿನ ಕಾಲವೂ ಬೇಸಿಗೆಯೇ. ಕಾಡಿಗೆ ಹೋಗುವವರು ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗಿ, ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯಬೇಕು.

ಹಕ್ಕು

ಒಡ್ಡಿನ ಮೇಲಿನ ಹಣ್ಣು ಯಾರದು? ಊರಿನ ರೂಢಿಯಲ್ಲಿ ಹೊಲ ಒಡೆಯನದು, ಬೇಲಿಯ ಹೊರಮಗ್ಗುಲಿನ ಹಣ್ಣು ದಾರಿಹೋಕನದು. ಬೇಲಿ ಮುರಿಯದೆ ಕಿತ್ತರೆ ಯಾರೂ ಕೇಳುತ್ತಿರಲಿಲ್ಲ. ಕಾಡಿನ ಅಂಚು ದಾಟಿದರೆ ಕಾನೂನು ಬದಲಾಗುತ್ತದೆ. ದಾಂಡೇಲಿ ವನ್ಯಜೀವಿ ಧಾಮ 1956ರಷ್ಟು ಹಿಂದಿನದು, ಅಣಶಿ ರಾಷ್ಟ್ರೀಯ ಉದ್ಯಾನ 1987ರದು. ಎರಡೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಗಿ, 2015ರಿಂದ ಕಾಳಿ ಎಂಬ ಹೆಸರು ಪಡೆದವು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಇಂಥ ಕಡೆಗಳಿಂದ ಅನುಮತಿಯಿಲ್ಲದೆ ಏನನ್ನೂ ಹೊರತರುವಂತಿಲ್ಲ.

2006ರ ಅರಣ್ಯ ಹಕ್ಕು ಕಾಯ್ದೆ ಇದಕ್ಕೆ ಎದುರಾಗಿ ಒಂದು ದೊಡ್ಡ ಬಾಗಿಲು ತೆರೆಯಿತು. ಪರಂಪರೆಯಿಂದ ಸಂಗ್ರಹಿಸುತ್ತ ಬಂದ ಕಿರು ಅರಣ್ಯ ಉತ್ಪನ್ನದ ಒಡೆತನ, ಅದನ್ನು ಆರಿಸುವ, ಬಳಸುವ, ಮಾರುವ ಹಕ್ಕು ಅರಣ್ಯವಾಸಿಗಳದೆಂದು ಅದು ಹೇಳುತ್ತದೆ. ಇಂಗ್ಲೆಂಡಿನ ಬೇಲಿಗಳಲ್ಲಿ ಬ್ಲ್ಯಾಕ್‌ಬೆರಿ ಕೀಳುವವರಿಗೆ ಅಲ್ಲಿನ 1968ರ ಕಳವು ಕಾಯ್ದೆ ಇಷ್ಟು ಕೊಡುವುದಿಲ್ಲ. ಕಾಡುಹಣ್ಣು ಕಿತ್ತರೆ ಕಳ್ಳತನವಲ್ಲ, ಮಾರಲೆಂದು ಕಿತ್ತರೆ ಕಳ್ಳತನ ಎಂಬುದು ಅಲ್ಲಿನ ಗೆರೆ. ನಮ್ಮ ಕಾನೂನು ಬುಟ್ಟಿ ಹೊತ್ತು ಸಂತೆಗೆ ಹೋಗುವ ಹೆಣ್ಣುಮಗಳನ್ನೂ ನೆನೆಯುತ್ತದೆ.

ಕಷ್ಟವಿರುವುದು ಜಾರಿಯಲ್ಲಿ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ ಸಿದ್ದಿಗಳಿಗೆ ಹಾದಿ ಸ್ವಲ್ಪ ಸುಲಭ. ಕುಣಬಿಗಳನ್ನೂ ಗೌಳಿಗರನ್ನೂ ಪಟ್ಟಿಗೆ ಸೇರಿಸಬೇಕೆಂಬ ಬೇಡಿಕೆ ದಶಕಗಳಿಂದ ಹಾಗೇ ಇದೆ. ಪಟ್ಟಿಯಲ್ಲಿಲ್ಲದವರು ಮೂರು ತಲೆಮಾರು, ಅಂದರೆ 75 ವರ್ಷ ಅಲ್ಲೇ ಬದುಕಿದ್ದಕ್ಕೆ ಪುರಾವೆ ತರಬೇಕು. ಕಾಗದವೇ ಇಲ್ಲದೆ ಕುಮರಿ ಬೇಸಾಯ ಮಾಡಿ ಬಾಳಿದವರಿಂದ ಕಾಗದ ಕೇಳುವುದು ನ್ಯಾಯವಲ್ಲ.

ಇಳಿಮುಖ

ಬೇಲಿ ಹಣ್ಣು ಕಡಿಮೆಯಾಗುತ್ತಿರುವುದಕ್ಕೆ ಕಾರಣ ಹುಡುಕಲು ಕಾಡಿನೊಳಗೆ ಹೋಗಬೇಕಿಲ್ಲ. ಒಡ್ಡನ್ನು ಜೆಸಿಬಿಯಿಂದ ನೆಲಸಮ ಮಾಡಿ ಕಲ್ಲಿನ ಕಂಬ ನಿಲ್ಲಿಸಿ ತಂತಿ ಎಳೆಯುವುದು ಸಾಮಾನ್ಯವಾಗಿದೆ. ಕಾಡುಹಂದಿಯ ಕಾಟಕ್ಕೆ ಸೋಲಾರ್ ತಂತಿ ಬಂದಿದೆ, ಅದಕ್ಕೆ ಗಿಡ ತಾಗಬಾರದೆಂದು ಸುತ್ತಲೂ ಸವರುತ್ತಾರೆ. ರಸ್ತೆ ಅಗಲವಾದಲ್ಲೆಲ್ಲ ಎರಡು ಸಾಲು ಕಂಟಿ ಹೋಗಿದೆ. ಬೇಣಗಳು ಅಕೇಶಿಯಾ ನೆಡುತೋಪುಗಳಾಗಿವೆ. 19ನೇ ಶತಮಾನದ ಆರಂಭದಲ್ಲಿ ಅಂದಕ್ಕೆಂದು ನಾಡಿಗೆ ತಂದ ಲಂಟಾನ ಉಳಿದ ಅಂಚುಗಳನ್ನು ಮುಚ್ಚಿ ಕವಳಿಯ ಸಸಿ ಮೇಲೇಳದಂತೆ ಮಾಡಿದೆ. ಆರಿಸುವವರ ಅವಸರವೂ ಸೇರಿದೆ: ನೆಲ್ಲಿ, ನುರುಕಲುಗಳ ಟೊಂಗೆಯನ್ನೇ ಕಡಿದು ನೆಲದ ಮೇಲೆ ಕೂತು ಬಿಡಿಸುವುದು ಮುಂದಿನ ವರ್ಷದ ಫಸಲನ್ನೂ ಕಡಿದಂತೆ. ಇವುಗಳಲ್ಲಿ ಅತಿ ದೊಡ್ಡ ಪೆಟ್ಟು ಕೊಟ್ಟದ್ದು ಒಡ್ಡು ತೆಗೆದದ್ದೇ. ಕಾಡು ಉಳಿಸಲು ಇಲಾಖೆಯಿದೆ, ತೋಟಕ್ಕೆ ಸಹಾಯಧನವಿದೆ, ಒಡ್ಡಿನ ಕಂಟಿಗೆ ಹೇಳುವವರಿಲ್ಲ.

ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ 1997ರ ನಿಯಮದಂತೆ ಹೊಲದ ಹಳೆಯ ಬೇಲಿಯನ್ನು ಕೇಳದೆ ಕೀಳುವಂತಿಲ್ಲ. ನಮ್ಮಲ್ಲಿ ಅಂಥ ಕಾನೂನು ಬರುವವರೆಗೆ ಕಾಯಬೇಕಾಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯಡಿ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಊರಿನ ಗಿಡಮರಗಳ ದಾಖಲೆ ಇರಬೇಕು. ಆ ದಾಖಲೆಯಲ್ಲಿ ಯಾವ ದಾರಿಯ ಯಾವ ಒಡ್ಡಿನಲ್ಲಿ ಕವಳಿ ಇದೆ ಎಂದು ಬರೆಯುವುದಕ್ಕೂ, ರಸ್ತೆ ಬದಿ ಸವರುವ ಕೆಲಸ ಮಂಜೂರು ಮಾಡುವಾಗ ಅದನ್ನು ತೆರೆದು ನೋಡುವುದಕ್ಕೂ ಯಾರ ಅಪ್ಪಣೆಯೂ ಬೇಡ. ತಂತಿ ಹಾಕುವ ರೈತರು ಕಂಟಿಯನ್ನು ಉಳಿಸಿ ಅದರ ಒಳಬದಿಗೆ ತಂತಿ ಎಳೆಯಬಹುದು. ಒಡ್ಡು ಹೋದವರು ಹೊಸದಾಗಿ ಬೆಳೆಸಲೂಬಹುದು. ಕವಳಿಯ ಬೀಜ ಒಣಗಿಸಿಟ್ಟರೆ ಬೇಗ ಮೊಳಕೆಯ ಶಕ್ತಿ ಕಳೆದುಕೊಳ್ಳುತ್ತದೆ. ಹಣ್ಣು ತಿಂದ ಕೆಲವೇ ದಿನಗಳಲ್ಲಿ, ಅದೇ ಮಳೆಗಾಲದ ಆರಂಭಕ್ಕೆ ಬಿತ್ತಿ, ಮುಂದಿನ ಮಳೆಗೆ ಸಸಿಗಳನ್ನು ಮೂರು ನಾಲ್ಕು ಅಡಿಗೊಂದರಂತೆ ಒಡ್ಡಿನ ಮೇಲೆ ನೆಟ್ಟರೆ, ಮೂರು ನಾಲ್ಕು ವರ್ಷಕ್ಕೆ ಹೂ ಹಿಡಿಯುತ್ತದೆ.